ಚಾವಣಿಯ ಮೇಲಿನ ಬೂದಿ

ನಂದೆ ಪಿಂತಾ ನಮ್ಮೂರಲ್ಲಿ ಮೊದಲು ಹೆಸರಾದದ್ದು ಅತ್ತೆಯನ್ನು ಮರೆತು ಬಂದವಳು ಎಂದು.

ಅವಳ ಸ್ವಂತ ಹೆಸರು ಲಯಾರಿ. ಗಿಂತಿಂಗ್ ಮನೆತನದ ಹೆಣ್ಣು. ಮಗಳು ಪಿಂತಾ ಹುಟ್ಟಿದ ಮೇಲೆ ಎಲ್ಲರ ಬಾಯಲ್ಲೂ ಪಿಂತಾಳ ಅಮ್ಮ, ನಂದೆ ಪಿಂತಾ, ಆದಳು. ಗಂಡ ಪುಲುಂಗ್ ಅವಳ ಸೋದರತ್ತೆಯ ಮಗ. ಹಾಗಾಗಿ ಅತ್ತೆ ನಿನಿ ಉಲಿ ಬೇರೆ ಯಾರೂ ಅಲ್ಲ, ಅವಳ ಅಪ್ಪನ ಒಡಹುಟ್ಟಿದ ಅಕ್ಕ. ತೊಟ್ಟಿಲಲ್ಲಿದ್ದಾಗಲೇ "ಇವಳು ನಮ್ಮನೆಗೆ" ಎಂದು ಬೆಳ್ಳಿ ಬಳೆ ತೊಡಿಸಿ ಹೋಗಿದ್ದಳಂತೆ ಮುದುಕಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಸಾಲು ಕಿತ್ತಳೆ ಗಿಡ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನನಗೆ ಸೀನು ಬರುತ್ತಿತ್ತು.

ಸಿನಾಬುಂಗ್ ಆಗ ನಮಗೆ ಬರೀ ಬೆಟ್ಟ. ನಮ್ಮ ಅಜ್ಜಂದಿರ ಅಜ್ಜಂದಿರೂ ಅದು ಬೆಂಕಿ ಉಗುಳಿದ್ದನ್ನು ಕಂಡವರಲ್ಲ. ಬಟ್ಟೆ ಒಣಹಾಕಬಹುದೋ ಇಲ್ಲವೋ ಎಂದು ನೋಡುವುದಕ್ಕೆ ದಿನಕ್ಕೊಮ್ಮೆ ತಲೆಯೆತ್ತುತ್ತಿದ್ದೆವು, ಅಷ್ಟೆ. ವಯಸ್ಸಾದವರು ಯಾವಾಗಲಾದರೂ ಕಾಡಂಚಿನ ಬಂಡೆಯ ಮೇಲೆ ವೀಳ್ಯದೆಲೆ ಇಟ್ಟು ಅದರ ಜೊತೆ ಮಾತಾಡಿ ಬರುತ್ತಿದ್ದರು. ಪಾದ್ರಿಗಳಿಗೆ ಅದು ಸರಿ ಕಾಣುತ್ತಿರಲಿಲ್ಲ.

ಹಾಗಿದ್ದ ಬೆಟ್ಟ ಆಗಸ್ಟಿನ ಒಂದು ಭಾನುವಾರ, ಚರ್ಚಿಗೆ ಹೋಗಲು ನಾವಿನ್ನೂ ತಲೆ ಬಾಚಿಕೊಳ್ಳುತ್ತಿದ್ದಾಗ, ಬಾಯಿಬಿಟ್ಟಿತು. ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಊರೆಲ್ಲ ರಸ್ತೆಯಲ್ಲಿತ್ತು. ನನ್ನ ಗಂಡ ದಿಂಬು ಎತ್ತಿಕೊಂಡು ಓಡಿದ. ಚರ್ಚಿನ ಹಿರಿಯರೊಬ್ಬರು ಹುಂಜ ಹಿಡಿದು ಬಂದರು, ಹೆಂಡತಿ ಬೇರೆ ಲಾರಿಯಲ್ಲಿ. ನಂದೆ ಪಿಂತಾ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದು ಕೈಯಲ್ಲಿ ಅನ್ನದ ಪಾತ್ರೆಯ ಮುಚ್ಚಳವನ್ನೂ ಹಿಡಿದು ಲಾರಿ ಹತ್ತಿದಳು. ಅತ್ತೆಯನ್ನು ಪುಲುಂಗ್ ಹೊತ್ತು ತಂದಿರುತ್ತಾನೆ ಎಂದು ಅವಳು, ಅಮ್ಮ ಸೊಸೆಯ ಜೊತೆ ಲಾರಿಯಲ್ಲಿದ್ದಾಳೆ ಎಂದು ಅವನು. ಕಬಂಜಾಹೆ ಪೇಟೆಯಲ್ಲಿ ಇಬ್ಬರೂ ಎದುರಾದಾಗ ಒಬ್ಬರ ಬೆನ್ನ ಹಿಂದೆ ಒಬ್ಬರು ಹುಡುಕಿದರು.

ಪುಲುಂಗ್ ಮರುದಿನ ಸೈನಿಕರ ಗಾಡಿಯಲ್ಲಿ ಹೋಗಿ ತಾಯಿಯನ್ನು ಕರೆತಂದ. ಮುದುಕಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳಂತೆ, ತಲೆ ಹುಬ್ಬು ಎಲ್ಲ ಬೂದಿ, ಬಾಯಲ್ಲಿ ಮಾತ್ರ ಕೆಂಪು ವೀಳ್ಯ. ಗಾಡಿಯಿಂದ ಇಳಿದವಳೇ ಸುತ್ತ ನಿಂತ ಜನರನ್ನೆಲ್ಲ ನೋಡಿ ಗಟ್ಟಿಯಾಗಿ ಕೇಳಿದಳು:

"ನಮ್ಮ ಸೊಸೆ ಎಲ್ರಪ್ಪಾ? ಮುಚ್ಚಳ ಭದ್ರವಾಗಿದ್ಯಂತಾ?"

ಜನ ನಕ್ಕರು. ಬದುಕಿ ಬಂದಳಲ್ಲ ಎಂಬ ಸಮಾಧಾನಕ್ಕೆ ನಾನೂ ನಕ್ಕೆ. ನಂದೆ ಪಿಂತಾ ಮಾತ್ರ ಅತ್ತೆಯ ಕಾಲ ಬಳಿ ಕುಕ್ಕರಿಸಿ, ತನ್ನ ಹೆಗಲ ಬಟ್ಟೆಯಿಂದ ಆ ಬೂದಿ ಒರೆಸುತ್ತಲೇ ಇದ್ದಳು. ಒರೆಸಿದಷ್ಟೂ ಅದು ಚರ್ಮದ ಸುಕ್ಕಿನೊಳಕ್ಕೆ ಇಳಿಯುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಬೆಟ್ಟ ತಣ್ಣಗಾಯಿತೆಂದು ನಮ್ಮನ್ನು ವಾಪಸ್ಸು ಕಳಿಸಿದರು. ಎಲೆಕೋಸು ಹೋಗಿತ್ತು, ಮೆಣಸಿನ ಗಿಡ ಸುಟ್ಟಿತ್ತು. ಆದರೆ ಮುಂದಿನ ಬೆಳೆ ಎಂದೂ ಕಾಣದ ಹಾಗೆ ಬಂತು. ಬೂದಿ ಗೊಬ್ಬರ ಎಂದು ಗಂಡಸರು ಕಾಫಿ ಅಂಗಡಿಯಲ್ಲಿ ಚದುರಂಗ ಆಡುತ್ತ ಬೆಟ್ಟವನ್ನು ಹೊಗಳಿದರು. ಊರು ಮರೆಯಿತು. ನಂದೆ ಪಿಂತಾ ಮರೆಯಲಿಲ್ಲ. ಮರೆಯಲು ಅತ್ತೆ ಬಿಡುತ್ತಲೂ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ, "ಅತ್ತೇನೇ ಮರ್ತೋಳು, ಉಪ್ಪು ಯಾವ ಲೆಕ್ಕ ಬಿಡು" ಎನ್ನುವಳು. ಮೊಮ್ಮಗಳು ಶಾಲೆಗೆ ಹೊರಟರೆ, "ಪುಟ್ಟೀ, ನಿಮ್ಮಮ್ಮನಿಗೆ ಹೇಳ್ಬಿಟ್ಟು ಹೋಗೇ, ಇಲ್ದಿದ್ರೆ ನೀನಿದ್ದೆ ಅನ್ನೋದೇ ಅವಳಿಗೆ ನೆನಪಿರಲ್ಲ" ಎನ್ನುವಳು. ಆ ಮಾತಲ್ಲಿ ವಿಷ ಇರಲಿಲ್ಲ. ಆದರೂ ಅದು ಇಳಿಯಬೇಕಾದ ಕಡೆ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಅವರ ಹಿತ್ತಲಲ್ಲಿ ಬಿದಿರು ಕಡಿಯುವ ಸದ್ದು ಕೇಳಿ ಹೋಗಿ ನೋಡಿದೆ. ಪುಲುಂಗ್ ತೋಳಿನಷ್ಟು ದಪ್ಪದ ಬಿದಿರು ಸೀಳದೆ ಹಾಗೇ ಮನೆಯೊಳಕ್ಕೆ ಸಾಗಿಸುತ್ತಿದ್ದ.

"ಏನೋ ಇದು, ಮನೆಯೊಳಗೆ ತೋಪು ಹಾಕ್ತೀಯಾ?" ಎಂದೆ.

"ನನ್ನ ಕೇಳ್ಬೇಡ ತಾಯಿ, ಒಳಗಿರೋ ದಂಡನಾಯಕಿನ ಕೇಳು."

ನಂದೆ ಪಿಂತಾ ಅಟ್ಟದ ಮೇಲಿಂದಲೇ ನನಗೆ ಉತ್ತರ ಕೊಟ್ಟಳು. "ಬೂದಿ ಒಣಗಿದ್ರೆ ಹತ್ತಿ ಕಣೇ ದಾಮೆ. ಮಳೆ ಬಿದ್ರೆ ಕಲ್ಲು. ಮೊದಲ ಸಲ ಆ ಕೆಳಗಿನ ಕೇರೀಲಿ ಎರಡು ಮನೆ ಕೂತ್ಕೊಂಡ್ಬಿಟ್ವಲ್ಲ, ಬೆಂಕಿಗಲ್ಲ, ಭಾರಕ್ಕೆ. ತೊಲೆಗೆಲ್ಲ ಕೆಳಗಿಂದ ಬಿದಿರಿನ ಊರೆ ಕೊಡಿಸ್ತಿದೀನಿ. ನೀನೂ ಕೊಡಿಸು."

"ನಾಳೆ ಕೊಡಿಸ್ತೀನಿ" ಎಂದು ಬಂದೆ. ಕೊಡಿಸಲಿಲ್ಲ.

ಆಮೇಲೆ ಅವಳ ಮನೆ ಒಂದು ಹಡಗಿನ ಹಾಗಾಯಿತು. ನೀರಿನ ಪೀಪಾಯಿಗಳಿಗೆ ಬಿಗಿಯಾದ ಮುಚ್ಚಳ. ಹಳೆ ಹೊದಿಕೆ ಲುಂಗಿಗಳನ್ನು ಮಡಿಕೆ ಮಡಿಕೆಯಾಗಿ ಹೊಲಿದು ಮೂಗುಬಟ್ಟೆ, ಅತ್ತೆಯದಕ್ಕೆ ವೀಳ್ಯ ಉಗಿಯಲು ಪಕ್ಕದಲ್ಲಿ ಒಂದು ಸೀಳು. ಬಾಗಿಲ ಪಕ್ಕ ಗಂಟುಗಳು, ಯಾರ ಗಂಟಿಗೆ ಯಾವ ಬಣ್ಣದ ದಾರ ಎಂದು ಗೊತ್ತುಪಡಿಸಿ. ಒಣ ಮೀನು, ಬೆಲ್ಲ, ಎಣ್ಣೆ, ಸಾಬೂನು, ಮದುವೆಯಲ್ಲಿ ತವರಿನವರು ಹೊದಿಸಿದ ಕೆಂಪು ಬಟ್ಟೆ. ಕಿಟಕಿ ಸಂದಿಗೆ ಚಿಂದಿ ತುರುಕಿದ್ದಳು. ಎಮ್ಮೆಯ ಹಗ್ಗಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಎಲ್ಲಕ್ಕಿಂತ ಮೇಲಾಗಿ ಅತ್ತೆಯ ಕುರ್ಚಿ. ಬೆತ್ತದ ಕುರ್ಚಿಯ ಕಾಲು ಕೊಯ್ದು, ಹಿಂದಕ್ಕೆ ಎರಡು ಅಗಲ ಪಟ್ಟಿ ಹೊಲಿದು, ಪುಲುಂಗ್ ಬೆನ್ನಿಗೆ ಹಾಕಿಕೊಂಡರೆ ತಾಯಿ ಹಿಂದಕ್ಕೆ ಮುಖಮಾಡಿ ಕೂರುವ ಹಾಗೆ.

ಭಾನುವಾರ ಚರ್ಚಿನಿಂದ ಬಂದ ಮೇಲೆ ತಾಲೀಮು. ಅವಳು ಡಬ್ಬ ಬಡಿಯುವಳು. ಪಿಂತಾ ಒಲೆ ಆರಿಸಿ ಗಂಟು ಹೆಗಲಿಗೇರಿಸುವಳು. ಪುಲುಂಗ್ ತಾಯಿಯನ್ನು ಹೊತ್ತು ಚರ್ಚಿನ ತಿರುವಿನ ತನಕ ಓಡಬೇಕು. ಕಾಫಿ ಅಂಗಡಿಯ ಮುಂದೆ ಹೋಗುವಾಗ ಚದುರಂಗದವರೆಲ್ಲ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದರು.

"ಏ ಪುಲುಂಗ್, ಮದುವೇಲಿ ಹೆಂಡ್ತಿನಾದ್ರೂ ಹಿಂಗೆ ಹೊತ್ತಿದ್ಯೇನೋ?"

"ಹೊತ್ತಿದ್ರೆ ಈಗ ಇವಳು ಹೊರಿಸ್ತಿರಲಿಲ್ಲ ಕಣ್ರೋ!"

ನಿನಿ ಉಲಿ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತು ಎಲ್ಲರಿಗೂ ಕೈಬೀಸುತ್ತ, "ಇನ್ನೊಂದು ಸುತ್ತು ಹಾಕ್ಸೋ ಮಗಾ, ಆ ತಾರಿಗಾನ್ ಮನೆತನದ ಮುದುಕಿ ನೋಡ್ಲಿಲ್ಲ, ಅವಳ ಮನೆ ಮುಂದೆ ಹೋಗು" ಎನ್ನುವಳು. ನಾನು ನಮ್ಮ ಕಿತ್ತಳೆ ಸಾಲಿನಿಂದ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಡಬ್ಬ ಹಿಡಿದು ಹಿಂದೆ ಓಡುತ್ತಿದ್ದ ನಂದೆ ಪಿಂತಾಳ ಮುಖದಲ್ಲಿ ಮಾತ್ರ ನಗು ಇರುತ್ತಿರಲಿಲ್ಲ. ಗಂಡ ಎಲ್ಲಿ ಎಡವಿದ, ಮಗಳು ಏನು ಮರೆತಳು ಎಂದು ನೋಡುತ್ತಿದ್ದಳು.

ಮೂರು ವರ್ಷದ ಮೇಲೆ ಬೆಟ್ಟ ಮತ್ತೆ ಎದ್ದಿತು. ಹಾಡುಹಗಲು. ಮಧ್ಯಾಹ್ನದ ಬಿಸಿಲು ಒಮ್ಮೆಗೇ ಕಂದಿ, ಕೋಳಿಗಳು ಗೂಡಿಗೆ ಹೋದವು. ಊರು ಮೊದಲ ಸಲದ ಹಾಗೆಯೇ ಕಿರುಚುತ್ತ ಓಡಿತು. ಅವರ ಮನೆಯಿಂದ ಒಂದು ಕೂಗೂ ಬರಲಿಲ್ಲ. ಡಬ್ಬದ ಸದ್ದು, ಅಷ್ಟೆ. ನಾನು ಅಂಗಳದಲ್ಲಿ ಏನು ಹಿಡಿಯಲಿ ಏನು ಬಿಡಲಿ ಎಂದು ಸುತ್ತುತ್ತಿದ್ದಾಗ ಅವಳು ಬಂದು ನನ್ನ ಮೂಗಿಗೊಂದು ಒದ್ದೆ ಬಟ್ಟೆ ಕಟ್ಟಿದಳು. "ಚಪ್ಪಲಿ ಬೇಡ, ಬೂಟು ಹಾಕ್ಕೋ. ನಿನ್ನ ಎಮ್ಮೆ ಬಿಚ್ಚಿದೀನಿ. ನಡಿ."

ಕಬಂಜಾಹೆಯಲ್ಲಿ ನಮ್ಮನ್ನು ಜಂಬುರಿನಲ್ಲಿ ಇಳಿಸಿದರು. ಗೋಡೆಯಿಲ್ಲದ ದೊಡ್ಡ ಚಾವಡಿ ಅದು, ಮದುವೆಗೂ ಸಾವಿನ ಊಟಕ್ಕೂ ಜನ ಸೇರುವ ಜಾಗ. ಎಲ್ಲರೂ ಬರಿಗೈಯಲ್ಲಿ ನಡುಗುತ್ತಿದ್ದರೆ ಅವಳು ಚಾಪೆ ಬಿಚ್ಚಿ, ಅತ್ತೆಯನ್ನು ಕೂರಿಸಿ, ಬೆಲ್ಲ ಹಾಕಿ ಕಾಫಿ ಕಾಸಿ ಸುತ್ತಲಿನವರಿಗೆಲ್ಲ ಕೊಟ್ಟಳು. ಆ ಸಂಜೆ ನಿನಿ ಉಲಿ ಸೊಸೆಯ ಕೈ ಹಿಡಿದು, ಎಲ್ಲರೂ ಕೇಳುವ ಹಾಗೆ, "ನನ್ನ ತಮ್ಮನ ಮಗಳು. ನಾನೇ ಆರಿಸಿದ್ದು" ಎಂದಳು. ನಂದೆ ಪಿಂತಾ ತಲೆ ತಗ್ಗಿಸಿ ಕಾಫಿ ಲೋಟ ತೊಳೆಯಲು ಎದ್ದು ಹೋದಳು. ನಲ್ಲಿಯ ಬಳಿ ನಿಂತು ಅತ್ತಳು. ಅವಳ ಬದುಕಿನಲ್ಲಿ ನಾನು ಕಂಡ ಕೊನೆಯ ಒಳ್ಳೆಯ ದಿನ ಅದೇ.

ಅವಳು ತಯಾರಾಗಿದ್ದದ್ದು ಒಂದು ಸ್ಫೋಟಕ್ಕೆ. ಒಂದು ದಿನ, ಹೆಚ್ಚೆಂದರೆ ಒಂದು ತಿಂಗಳು. ಬೆಟ್ಟ ಮುಗಿಸಲೇ ಇಲ್ಲ. ಹೋಗಿ ಎಂದರು, ಹೋದೆವು. ಮನೆ ಗುಡಿಸಿ ಒಲೆ ಹಚ್ಚುವಷ್ಟರಲ್ಲಿ ಮತ್ತೆ ಇಳಿಯಿರಿ ಎಂದರು. ಹೀಗೆ ಏರಿ ಇಳಿದು, ಕೊನೆಗೆ ನಮ್ಮೂರಿಗೆ ಯಾರೂ ಕಾಲಿಡಬಾರದು ಎಂದು ರಸ್ತೆಗೆ ಅಡ್ಡಗಟ್ಟಿದರು. ಜಂಬುರಿನ ಸಿಮೆಂಟು ನೆಲವೇ ಮನೆಯಾಯಿತು. ಒಂದೊಂದು ಸಂಸಾರಕ್ಕೆ ಒಂದೊಂದು ಚಾಪೆಯಗಲ. ಗಂಡ ಹೆಂಡತಿ ಜಗಳವಾಡಬೇಕಾದರೂ ಪಿಸುಗುಟ್ಟಬೇಕು. ಅವಳ ಗಂಟಿನ ಬೆಲ್ಲ ಮುಗಿಯಿತು, ಸಾಬೂನು ಕರಗಿತು, ಮೂಗುಬಟ್ಟೆಗಳು ಮಕ್ಕಳ ಅಂಡು ಒರೆಸುವ ಬಟ್ಟೆಯಾದವು. ಮೊದಮೊದಲು ಪ್ರತಿ ಬೆಳಿಗ್ಗೆ ಗಂಟುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಒಂದು ದಿನ ಬಿಚ್ಚಿದವಳು ಕಟ್ಟದೆ ಹಾಗೇ ಬಿಟ್ಟಳು.

ನಿನಿ ಉಲಿಗೆ ಕೆಮ್ಮು ಹಿಡಿಯಿತು. ಚಳಿ ನೆಲದಿಂದಲೇ ಮೇಲೇರುತ್ತಿತ್ತು, ಎಷ್ಟು ಚಾಪೆ ಹಾಕಿದರೂ. ಬಯ್ಯುವುದು ಕಡಿಮೆಯಾಯಿತು. ನಮಗೆ ಹೆದರಿಕೆಯಾದದ್ದು ಅದಕ್ಕೇ.

"ಅತ್ತೆ, ಏನಾದ್ರೂ ಬಯ್ಯಿ" ಎಂದಳು ನಂದೆ ಪಿಂತಾ ಒಮ್ಮೆ, ಬೆನ್ನು ನೀವುತ್ತ.

"ಬಯ್ಯೋಕೆ ಮನೆ ಬೇಕು ಕಣೇ. ಬೀದೀಲಿ ಕೂತು ಏನು ಬಯ್ಲಿ. ನನ್ನ ಆ ಕುರ್ಚೀಲಿ ಕೂರ್ಸಿ ಮೇಲಕ್ಕೆ ಕಳಿಸು."

"ಬಿಡಲ್ಲ ಅತ್ತೆ. ಅಡ್ಡಗಟ್ಟಿದಾರೆ."

"ಇಳಿಯೋದಕ್ಕೆ ಅಷ್ಟೆಲ್ಲ ತಾಲೀಮು ಮಾಡಿಸಿದ್ಯಲ್ಲ" ಎಂದಳು ಮುದುಕಿ. "ಹತ್ತೋದಕ್ಕೆ ಯಾಕೆ ಮಾಡಿಸ್ಲಿಲ್ಲ?"

ಕ್ರಿಸ್ಮಸ್ಸಿಗೆ ಮುಂಚೆ ಮುದುಕಿ ಹೋದಳು. ಮೊಮ್ಮಕ್ಕಳನ್ನು ಕಂಡು ಹೋದ ಹಿರಿಯಳಿಗೆ ನಮ್ಮಲ್ಲಿ ವಾದ್ಯ, ಕುಣಿತ, ತವರಿನವರು ಹೊದಿಸುವ ಬಟ್ಟೆ, ಊರಿಗೆಲ್ಲ ಊಟ. ಸಾವಿನ ಊಟದ ಚಾವಡಿಯಲ್ಲೇ ಸತ್ತಿದ್ದಳು, ಆದರೆ ಅಲ್ಲಿ ಜಾಗವಿರಲಿಲ್ಲ, ಚಾಪೆಗಳಿದ್ದವು. ನಾಲ್ಕು ಸಂಸಾರದವರು ತಮ್ಮ ಗಂಟು ಸರಿಸಿಕೊಂಡು ಪೆಟ್ಟಿಗೆ ಇಡುವಷ್ಟು ಎಡೆ ಬಿಟ್ಟುಕೊಟ್ಟರು. ಯಾರದೋ ಊರಿನ ಮಣ್ಣಲ್ಲಿ ಹೂತೆವು. ಮಳೆ ಬರುತ್ತಿತ್ತು. ನಂದೆ ಪಿಂತಾ ಗುಂಡಿಯ ಬಳಿ ನಿಂತು ಅಳಲಿಲ್ಲ. ನನ್ನ ಕಿವಿಯಲ್ಲಿ, "ಈ ಮಳೆಗೆ ನಮ್ಮ ಚಾವಣಿ ಮೇಲಿನ ಬೂದಿ ಎಷ್ಟು ತೂಕ ಆಗಿರುತ್ತೆ ದಾಮೆ" ಎಂದಳು.

ಅಲ್ಲಿಂದ ಮುಂದೆ ಅವಳಿಗೆ ಚಾವಣಿಯದೇ ಯೋಚನೆ. ಅತ್ತೆ ಹೋದಳು, ಎಮ್ಮೆ ಹೋಯಿತು, ಕಾಫಿ ಗಿಡ ಹೋಗಿರಬಹುದು. ಮನೆಯೊಂದು ನಿಂತರೆ ಎಲ್ಲವನ್ನೂ ಮತ್ತೆ ಶುರುಮಾಡಬಹುದು ಎಂದು ಹಿಡಿದುಕೊಂಡಳು. ಮೋಡ ಕಟ್ಟಿದರೆ ಸಾಕು, ಜಂಬುರಿನ ಅಂಚಿಗೆ ಹೋಗಿ ನಿಲ್ಲುವಳು. ಪುಲುಂಗನಿಗೂ ಅಲ್ಲಿ ಕೂತು ಕೂತು ಕೈಕಾಲು ಸತ್ತಂತಾಗಿತ್ತು. ಊರಲ್ಲಿ ಚದುರಂಗಕ್ಕೆ ಕೂತರೆ ಎದುರಾಳಿಯನ್ನು ರೇಗಿಸಿಯೇ ಸೋಲಿಸುತ್ತಿದ್ದವನು, ಈಗ ಮಣೆಯ ಮುಂದೆ ಕೂತು ತನ್ನ ಸರದಿ ಬಂದದ್ದೇ ತಿಳಿಯದೆ ಇರುತ್ತಿದ್ದ.

ಫೆಬ್ರವರಿಯಲ್ಲಿ ಬೆಟ್ಟ ಕೆಲವು ದಿನ ಸುಮ್ಮನಾಯಿತು. ಗಂಡಸರು ಕಾಡುದಾರಿಯಲ್ಲಿ ಕದ್ದು ಹೋಗಿ ಮನೆ ನೋಡಿಕೊಂಡು ಬರತೊಡಗಿದರು. ಅಂಥ ಒಂದು ಬೆಳಿಗ್ಗೆ, ತಿಂಡಿಯ ಸಾಲಿನಲ್ಲಿ ನಾನು ಆ ಗಂಡ ಹೆಂಡತಿಯ ಹಿಂದೆಯೇ ನಿಂತಿದ್ದೆ.

"ನೀವೂ ಹೋಗ್ಬನ್ನಿ" ಎಂದಳು ಅವಳು ಗಂಡನಿಗೆ. "ಚಾವಣಿ ಗುಡ್ಸಿ, ಊರೆ ಸಡಿಲ ಆಗಿದ್ರೆ ಒಂದೊಂದು ಬೆಣೆ ಹೊಡೆದು ಬಂದ್ಬಿಡಿ. ಮಧ್ಯಾಹ್ನದೊಳಗೆ ಆಗುತ್ತೆ."

"ಇನ್ನೊಂದಿಷ್ಟು ದಿನ ನೋಡೋಣ ಅಂತಿದ್ದೆ ಕಣೇ."

"ಮಳೆ ಕಾಯುತ್ತಾ? ತೊಲೆ ಮುರಿದ್ರೆ ಮುಗೀತು. ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ."

ಅವನು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನೋಡಿದ್ಯಾ, ದಂಡನಾಯಕಿ ಅಪ್ಪಣೆ. ಸೈನಿಕ ಹೊರಟ." ಅವಳು ಮೊದಲ ಸಲ, ಎಷ್ಟೋ ತಿಂಗಳ ಮೇಲೆ, ನಕ್ಕಳು. ಎಲೆಯಲ್ಲಿ ಅನ್ನ, ಮೀನು ಕಟ್ಟಿ ಕೊಟ್ಟಳು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವನು ಕೆಳಗಿನ ಕೇರಿಯ ಇಬ್ಬರ ಜೊತೆ ಹೋದ.

ಜಂಬುರಿನ ಅಂಗಳದಿಂದ ಬೆಟ್ಟ ಚೆನ್ನಾಗಿ ಕಾಣುತ್ತದೆ. ನಾನೂ ನಂದೆ ಪಿಂತಾಳೂ ಬಟ್ಟೆ ಹಿಂಡುತ್ತಿದ್ದೆವು. ಸದ್ದು ಬರಲಿಲ್ಲ, ಅಥವಾ ಬಂದದ್ದು ನಮಗೆ ತಿಳಿಯಲಿಲ್ಲ. ತುದಿಯಿಂದ ಬೂದುಬಣ್ಣದ ಮೋಡ ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಉರುಳಿತು, ಕುರಿಮಂದೆ ಇಳಿಜಾರಿನಲ್ಲಿ ಒಂದರ ಮೇಲೊಂದು ಬಿದ್ದು ಬಂದ ಹಾಗೆ. ನೋಡುನೋಡುತ್ತಿದ್ದಂತೆ ನಮ್ಮೂರಿನ ಕಡೆಯ ಇಳಿಜಾರು ಕಾಣದಾಯಿತು. ಅವಳ ಕೈಯಲ್ಲಿ ಪಿಂತಾಳ ಲಂಗ ಅರ್ಧ ಹಿಂಡಿದ್ದು ಹಾಗೇ ಇತ್ತು. ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು.

"ಬೂದಿಗೆ ಊರೆ ಕೊಟ್ಟಿದ್ದೆ" ಎಂದಳು. "ಇದು ಪಕ್ಕದಿಂದ ಬಂತಲ್ಲೇ."

ಅವನ ಜೊತೆ ಹೋದ ಇಬ್ಬರೂ ಕಿತ್ತಳೆ ತೋಟದಲ್ಲೇ ಹೆಣವಾಗಿ ಸಿಕ್ಕರು. ಪುಲುಂಗನನ್ನು ಜೀವಂತ ತಂದರು, ಜೀವಂತ ಎನ್ನಬಹುದಾದರೆ. ಆಸ್ಪತ್ರೆಯಲ್ಲಿ ಮುಖ ಬಿಟ್ಟು ಎಲ್ಲ ಬಟ್ಟೆ ಸುತ್ತಿದ್ದರು. ಮುಟ್ಟಲು ಒಂದು ಜಾಗವಿರಲಿಲ್ಲ. ಅವಳು ಮಂಚದ ಕಂಬಿ ಹಿಡಿದು ಕೂತಳು. ಪಿಂತಾಗೆ ಆಗ ಹದಿನಾರೋ ಹದಿನೇಳೋ. ಬಾಗಿಲ ಬಳಿ ನಿಂತವಳು ಒಳಗೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಅವನಿಗೆ ಸ್ವಲ್ಪ ಎಚ್ಚರ ಬಂತು. ಹೆಂಡತಿಯನ್ನು ನೋಡಿದ. ತುಟಿ ಅಲುಗಿತು. ಅವಳು ಬಗ್ಗಿದಳು.

"ಗುಡಿಸಿದೆ ಕಣೇ" ಎಂದ. "ಅಡಿಗೆಮನೆ ಕಡೇದು ಒಂಚೂರು ಉಳೀತು."

"ಇರ್ಲಿ ಬಿಡಿ" ಎಂದಳು ಅವಳು. "ಇರ್ಲಿ. ನಾನು ಗುಡಿಸ್ಕೋತೀನಿ."

ಮರುದಿನ ಅವನು ಹೋದ. ಹೆಣ ಹೊರಗೆ ತರುವಾಗ ಪಿಂತಾ ಅಮ್ಮನ ಎದುರು ಬಂದು ನಿಂತಳು. ದನಿ ಏರಿಸಲೂ ಇಲ್ಲ. "ಅಪ್ಪ ಬೇಡ ಅಂದಿದ್ರು. ನೀನು ಕಳಿಸ್ದೆ. ಒಂದು ತಗಡಿಗೋಸ್ಕರ." ನಾನು ಹುಡುಗಿಯ ಬಾಯಿ ಮುಚ್ಚಲು ಹೋದೆ. ನಂದೆ ಪಿಂತಾ ನನ್ನ ಕೈ ಹಿಡಿದು ತಡೆದಳು. "ಹೇಳ್ಲಿ ಬಿಡು. ಅವಳು ಹೇಳ್ದೆ ಇದ್ರೆ ಇನ್ಯಾರು ಹೇಳ್ತಾರೆ."

ಎರಡು ವರ್ಷ ಹೀಗೇ ಹೋಯಿತು. ನಮ್ಮೂರಿಗೆ ಇನ್ನು ಎಂದೂ ಹೋಗುವಂತಿಲ್ಲ ಎಂದು ಸರ್ಕಾರ ಹೇಳಿತು. ಅದಕ್ಕೂ ಮುಂಚೆ ಒಂದು ದಿನ, ಬೆಳಗಿನಿಂದ ಮಧ್ಯಾಹ್ನದವರೆಗೆ, ಬೇಕಾದ್ದನ್ನು ತಂದುಕೊಳ್ಳಿ ಎಂದು ಬಿಟ್ಟರು. ಪಿಂತಾ ಬರುವುದಿಲ್ಲ ಎಂದಳು. ನಾನು ನಂದೆ ಪಿಂತಾಳ ಜೊತೆ ಹೋದೆ.

ನಮ್ಮೂರಿನ ಹೆಸರು ಕುತ ರಿಮೊ, ಎಂದರೆ ಕಿತ್ತಳೆಯೂರು. ಒಂದು ಎಲೆ ಇರಲಿಲ್ಲ. ನಮ್ಮ ಮನೆ, ನಾನು ಊರೆ ಕೊಡಿಸದ ಮನೆ, ಚಾವಣಿ ನೆಲಕ್ಕೆ ಕೂತಿತ್ತು, ಗೋಡೆ ಹೊರಕ್ಕೆ ಬಿದ್ದಿತ್ತು. ಚರ್ಚೂ ಬಿದ್ದಿತ್ತು. ಕಾಫಿ ಅಂಗಡಿ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ. ಆ ಕೇರಿಯಲ್ಲಿ ನಿಂತಿದ್ದದ್ದು ಒಂದೇ ಮನೆ, ಅವಳದು. ಬಾಗಿಲು ಸುಟ್ಟು ಹೋಗಿತ್ತು, ಕಿಟಕಿಯ ಚಿಂದಿ ಇದ್ದಿಲಾಗಿತ್ತು. ಬಿದಿರುಗಳು ಕಪ್ಪಾಗಿದ್ದವು, ಆದರೆ ಒಂದೂ ಬಾಗಿರಲಿಲ್ಲ. ಬೆಣೆಗಳು ಪುಲುಂಗ್ ಹೊಸದಾಗಿ ಹೊಡೆದಂಥವು.

ನಾನು ಹೊಸಿಲಲ್ಲೇ ನಿಂತೆ. ಅವಳು ಒಳಗೆ ಹೋಗಿ ಒಂದೊಂದೇ ಬಿದಿರನ್ನು ಮುಟ್ಟಿ ಅಲ್ಲಾಡಿಸಿ ನೋಡಿದಳು. ಹಿಂದಿನ ಮೂಲೆಯಲ್ಲಿ ನೀರಿನ ಪೀಪಾಯಿ ಇತ್ತು. ಮುಚ್ಚಳ ತೆಗೆದಳು. ಒಳಗೆ ನೀರು, ತಳ ಕಾಣುವಷ್ಟು ತಿಳಿ. ಅವಳು ಅದರಲ್ಲಿ ತನ್ನ ಮುಖ ನೋಡಿಕೊಂಡಳೋ ಏನೋ, ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ಆಮೇಲೆ ಎರಡು ಕೈಯಲ್ಲಿ ಪೀಪಾಯಿಯನ್ನು ತಳ್ಳಿ ಉರುಳಿಸಿದಳು. ನೀರು ಬೂದಿಯಲ್ಲಿ ಒಂದು ಗಳಿಗೆ ಹರಿದು ಇಂಗಿ ಹೋಯಿತು.

"ಏನಾದ್ರೂ ತಗೋಳ್ಳೇ" ಎಂದೆ. "ಇಷ್ಟು ದೂರ ಬಂದಿದೀವಿ."

"ಯಾವುದು? ಎಲ್ಲ ಚೆನ್ನಾಗೇ ಇದೆಯಲ್ಲ" ಎಂದಳು. ಬರಿಗೈಯಲ್ಲಿ ಲಾರಿ ಹತ್ತಿದಳು.

ಈಗ ನಾವಿರುವುದು ಪೈನ್ ಕಾಡು ಕಡಿದು ಕಟ್ಟಿದ ಹೊಸ ಊರಿನಲ್ಲಿ. ಎಲ್ಲ ಮನೆಗೂ ಒಂದೇ ಅಳತೆ, ಒಂದೇ ಬಣ್ಣ. ಮೊದಲ ವರ್ಷ ಗಂಡಸರು ತಪ್ಪಿ ಪಕ್ಕದ ಮನೆ ಬಾಗಿಲು ತಟ್ಟುತ್ತಿದ್ದರು. ನಂದೆ ಪಿಂತಾಗೂ ಒಂದು ಮನೆ ಕೊಟ್ಟರು. ಅದರಲ್ಲಿ ಅಮ್ಮ ಮಗಳು ಇಬ್ಬರೇ. ಪಿಂತಾ ಓದು ಬಿಟ್ಟು ಕ್ಯಾರೆಟ್ ಹೊಲದ ಕೂಲಿಗೆ ಬರುತ್ತಾಳೆ. ಒಂದೇ ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತಾರೆ, ಒಂದೇ ಡಬ್ಬಿಯಿಂದ ಉಣ್ಣುತ್ತಾರೆ. ಉಪ್ಪು ಬೇಕಾ, ಸಾಕಾ, ಕತ್ತಿ ಎಲ್ಲಿ. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ನಾನು ಕೇಳಿಲ್ಲ. ಪಿಂತಾಳ ಸೋದರತ್ತೆಯ ಮಗನಿಗೆ ಅವಳನ್ನು ಕೇಳಿಕೊಂಡು ಬಂದಿದ್ದರು. "ಅಮ್ಮ ಒಬ್ಬಳೇ ಆಗ್ತಾಳೆ" ಎಂದು ಹುಡುಗಿ ಒಲ್ಲೆ ಎಂದಳು. ಅದು ಪ್ರೀತಿಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿಯದು.

ನಂದೆ ಪಿಂತಾ ಈಗ ಮನೆಯಲ್ಲಿ ನಾಳೆಗೆಂದು ಏನನ್ನೂ ಇಡುವುದಿಲ್ಲ. ಅಕ್ಕಿ ದಿನದಿನಕ್ಕೆ ತರುತ್ತಾಳೆ. ಹೆಂಚು ಸರಿದು ಹಾಸಿಗೆಯ ಮೇಲೆ ಸೋರುತ್ತಿತ್ತು, ನಾನು ಬೈದರೂ ಕೇಳಲಿಲ್ಲ. ಕೊನೆಗೆ ನನ್ನ ಗಂಡ ಹೋಗಿ ಸರಿಮಾಡಿದ. ಅವನು ಏಣಿ ಹತ್ತಿದ್ದನ್ನು ಕಂಡು ಅವಳು ಹಿತ್ತಲಿಗೆ ಓಡಿಹೋಗಿ ಕಿವಿ ಮುಚ್ಚಿಕೊಂಡು ಕೂತಳು.

ಹೋದ ವರ್ಷ ಪಟ್ಟಣದಿಂದ ಒಂದು ತಂಡ ಬಂದಿತ್ತು, ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗ ಹುಡುಗಿಯರು. ಬೆಟ್ಟ ಸಿಡಿಯುವ ಮುಂಚೆ ಮನೆಯನ್ನು ಹೇಗೆ ಅಣಿಮಾಡಿಕೊಳ್ಳಬೇಕು ಎಂದು ಸಭಾಂಗಣದಲ್ಲಿ ಹೇಳಿಕೊಟ್ಟರು. ಒಳ್ಳೆಯ ಮಕ್ಕಳು, ಹೇಳಿದ್ದೆಲ್ಲ ಸರಿಯಾಗಿತ್ತು. ಯಾರೋ ಅವರಿಗೆ ಇವಳ ವಿಷಯ ಹೇಳಿಬಿಟ್ಟಿದ್ದರು. "ನಿಮ್ಮೂರಲ್ಲಿ ಎಲ್ಲರಿಗಿಂತ ಮೊದಲೇ ಇದನ್ನೆಲ್ಲ ಮಾಡಿದ ತಾಯಿ ಇದ್ದಾರಂತೆ, ಬನ್ನಿಮ್ಮಾ, ಎರಡು ಮಾತು ಹೇಳಿ" ಎಂದು ಒಬ್ಬ ಹುಡುಗಿ ಕೈಹಿಡಿದು ಮುಂದಕ್ಕೆ ಕರೆದುಕೊಂಡು ಹೋದಳು. ಮೈಕು ಕೈಗೆ ಕೊಟ್ಟಳು.

ನಂದೆ ಪಿಂತಾ ಮೈಕು ಹಿಡಿದು ಸಭೆಯತ್ತ ತಿರುಗಿದಳು. ಹಿಂದೆ ಪಿಂತಾ ಎದ್ದು ಹೊರಗೆ ಹೋದದ್ದನ್ನು ನಾನು ನೋಡಿದೆ.

"ಇವ್ರು ಹೇಳಿದ್ದೆಲ್ಲ ಮಾಡಿ" ಎಂದಳು ನಂದೆ ಪಿಂತಾ. "ನಾನೂ ಮಾಡಿದ್ದೆ. ನೀರು ಮುಚ್ಚಿದ್ದೆ, ಊರೆ ಕೊಟ್ಟಿದ್ದೆ. ನಮ್ಮನೆ ಈಗ್ಲೂ ನಿಂತಿದೆ, ಬೇಕಾದ್ರೆ ಹೋಗಿ ನೋಡಿ. ಯಾರೂ ಇಲ್ಲ ಅದ್ರಲ್ಲಿ."

ಹುಡುಗಿ ಏನು ಮಾಡಬೇಕೆಂದು ತಿಳಿಯದೆ ಚಪ್ಪಾಳೆ ತಟ್ಟಿದಳು. ಒಂದಿಬ್ಬರು ಜೊತೆಗೂಡಿದರು. ಅವಳು ಮೈಕು ವಾಪಸ್ಸು ಕೊಟ್ಟು ಬಂದು ನನ್ನ ಪಕ್ಕ ಕೂತು, "ಕೊಳೆ ಬಟ್ಟೆ ನೆನೆಹಾಕಿ ಬಂದಿದೀನಿ, ಇದು ಯಾವಾಗ ಮುಗಿಯುತ್ತೋ" ಎಂದಳು.

ಮೊನ್ನೆ ಶನಿವಾರ ಕೂಲಿಯವರ ಲಾರಿಯಲ್ಲಿ ಸಿಕ್ಕಿದ್ದಳು. ಕೂದಲು ಪೂರ್ತಿ ಹಣ್ಣಾಗಿದೆ, ಮಂಡಿ ಹಿಡಿದಿದೆ, ಇಬ್ಬರು ಎಳೆದು ಹತ್ತಿಸಬೇಕು. ಪಿಂತಾ ಮುಂದೆ ಚಾಲಕನ ಪಕ್ಕ ಕೂತಿದ್ದಳು. ಕಾಡು ದಾಟಿ ಬರುವಾಗ ಒಂದು ತಿರುವಿನಲ್ಲಿ ಸಿನಾಬುಂಗ್ ಪೂರ್ತಿ ಕಾಣುತ್ತದೆ. ಆ ದಿನ ಮೋಡವಿರಲಿಲ್ಲ, ತುದಿಯಲ್ಲಿ ಬಿಳಿ ಹೊಗೆಯ ಒಂದು ಎಳೆ ಮಾತ್ರ. ಲಾರಿಯಲ್ಲಿದ್ದವರೆಲ್ಲ, ಮಾತಾಡುತ್ತಿದ್ದವರೂ, ಬಾಯಿ ನಿಲ್ಲಿಸಿ ಆ ಕಡೆ ತಿರುಗಿದರು. ಅವಳು ತಿರುಗಲಿಲ್ಲ. ತಲೆಯ ಬಟ್ಟೆ ಬಿಚ್ಚಿ, ಹಲ್ಲಲ್ಲಿ ಕಚ್ಚಿ ಹಿಡಿದು, ಮತ್ತೆ ಸುತ್ತಿಕೊಂಡಳು.

"ಸೋಮವಾರ ಕ್ಯಾರೆಟ್ ಕೀಳೋದಿದೆಯಂತೆ" ಎಂದಳು. "ಬರ್ತೀಯೇನೇ?"

ಬರುತ್ತೇನೆ ಎಂದೆ. ಅವಳು ಹೂಂ ಎಂದು, ಕಣ್ಣು ಮುಚ್ಚಿ, ಲಾರಿಯ ಹಲಗೆಗೆ ತಲೆಯಾನಿಸಿದಳು.